ಹೆಬ್ಬೆರಳುದ್ದದ ಮಾಳಪ್ಪ ಭಾವ

ಬೆಳಗಿನ ಚಹಾ ಮುಗಿದ ಮೇಲೆ ನಾನು ಕನ್ನಡಕ ಒರೆಸಿಕೊಂಡು, ಕಿಟಕಿಯ ಹತ್ತಿರ ಕುಳಿತು, ಯಾರಾದರೊಬ್ಬರ ತಲೆ ಕೀಳುತ್ತೇನೆ. ಮನಸ್ಸು ಬಂದ ದಿನ ಕೈಗಳನ್ನೂ ಕೀಳುವುದುಂಟು. ಎಪ್ಪತ್ತು ದಾಟಿದ ಹೆಂಗಸು, ಕಾನ್ವೆಂಟಿನಲ್ಲಿ ಓದಿದವಳು, ಮರಾಠಿ ಗಡಿಯ ಉದಗೀರಿನ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಕಲಿಸಿ ಅವರ ಶಾಪ ಕಟ್ಟಿಕೊಂಡವಳು, ಹೀಗೆ ಹೇಳಿದರೆ ನೀವು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಸರಿಸಬೇಡಿ. ಇವರೆಲ್ಲ ಪ್ಲಾಸ್ಟಿಕ್ಕಿನವರು. ಹೆಬ್ಬೆರಳಿಗಿಂತ ಉದ್ದವಿಲ್ಲ. ತಲೆ ಕಿತ್ತರೂ ನಗುತ್ತಲೇ ಇರುತ್ತಾರೆ. ಇಷ್ಟು ಸಹನೆಯ ಜನ ನನಗೆ ಕ್ಲಾಸ್‌ರೂಮಿನಲ್ಲಿ ಸಿಕ್ಕಿರಲಿಲ್ಲ.

ಇವರು ನಮ್ಮ ಮನೆಗೆ ಬಂದದ್ದು ನಿರಾಶ್ರಿತರಾಗಿ. ಪುಣೆಯಲ್ಲಿರುವ ಮಗಳು ಮನೆ ಬದಲಿಸುವಾಗ, ದೊಡ್ಡವಳಾದ ತನ್ನ ಮಗಳ ಆಟಿಕೆಯ ಡಬ್ಬವೊಂದನ್ನು ನನಗೆ ಹೊರಿಸಿ, "ಯಾರಿಗರೆ ಕೊಟ್ಟಬಿಡು ಮಮ್ಮಿ" ಎಂದಳು. ಕೊಡುವ ಮೊದಲು ಒಮ್ಮೆ ನೋಡೋಣವೆಂದು ಮುಚ್ಚಳ ತೆಗೆದೆ. ಒಳಗೆ ಪೊಲೀಸರು, ಬೆಂಕಿ ಆರಿಸುವವರು, ಗಗನಯಾತ್ರಿಗಳು, ಒಕ್ಕಣ್ಣಿನ ಕಡಲುಗಳ್ಳರು, ಬಿಳಿ ಟೋಪಿಯ ಅಡುಗೆಯವನು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಒಂದೇ ಸಮನೆ ನಗುತ್ತಿದ್ದರು. ಇಡೀ ಬೀಗರ ಹಿಂಡಿಗೆ ಅರಿಶಿನ ಹಚ್ಚಿ ಕೂರಿಸಿದಂತೆ ಎಲ್ಲರ ಮುಖವೂ ಹಳದಿ. ತಲೆ, ಕೈ ಬಿಡಿಸಿ ಮತ್ತೆ ಜೋಡಿಸಬಹುದಾದ ಇವರಿಗೆ ಮಿನಿಫಿಗರ್ ಎನ್ನುತ್ತಾರೆ. ನಮ್ಮವರು, ಅಂದರೆ ನನ್ನ ಗಂಡ, ಕಾಲೇಜಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು, ಒಮ್ಮೆ ಕನ್ನಡಕದ ಮೇಲಿಂದ ನೋಡಿ, "ಗೊಂಬಿ" ಎಂದು ಒಂದೇ ಮಾತಿನಲ್ಲಿ ಉತ್ತರ ಬರೆದು ಅಡಿಗೆರೆ ಎಳೆದರು.

ಆ ಡಬ್ಬದಲ್ಲಿ ನಾನು ನಮ್ಮ ಕಡೆಯ ಒಬ್ಬನನ್ನಾದರೂ ಹುಡುಕಿದೆ. ಧೋತರ ಉಟ್ಟವನಿಲ್ಲ. ತಲೆಯ ಮೇಲೆ ಸೆರಗು ಹೊದ್ದವಳಿಲ್ಲ. ಎಲೆ ಅಡಿಕೆ ಹಾಕಿಕೊಂಡು ಒಂದು ಕೆನ್ನೆ ಉಬ್ಬಿದವರಿಲ್ಲ. ಚಂದ್ರನ ಮೇಲೆ ಇಳಿಯುವವನಿದ್ದಾನೆ, ನಮ್ಮವರ ಊರು ವಲಾಂಡಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವನಿಲ್ಲ. ಇದು ಅನ್ಯಾಯ ಎನ್ನಿಸಿತು. ಫೋನಿನಲ್ಲಿ ನೋಡಿದರೆ, ಜಗತ್ತಿನ ತುಂಬ ನನ್ನಂಥ ಕೆಲಸವಿಲ್ಲದವರು ಇಂಥ ಗೊಂಬೆಗಳ ಬಣ್ಣ ತೆಗೆದು, ಬೇರೆ ಮುಖ ಬರೆದು, ತಮಗೆ ಬೇಕಾದವರನ್ನು ಮಾಡಿಕೊಳ್ಳುತ್ತಾರೆ. ಅದಕ್ಕೆ ಕಸ್ಟಮ್ ಎನ್ನುತ್ತಾರಂತೆ. ಗಡ್ಡದ ಹುಡುಗನೊಬ್ಬ ವಿಡಿಯೋದಲ್ಲಿ ಉಸಿರು ಬಿಗಿಹಿಡಿದು ಹುಬ್ಬು ಬರೆಯುತ್ತಿದ್ದ. ನಾನೂ ಉಸಿರು ಬಿಗಿಹಿಡಿದೆ. ಆಗಲೇ ಹಾಬಿ ಅಂಟಿತು.

ಮೊದಲ ಪ್ರಯೋಗದಲ್ಲಿ ಒಬ್ಬ ಪೊಲೀಸ್ ತೀರಿಕೊಂಡ. ಉಗುರುಬಣ್ಣ ತೆಗೆಯುವ ನೀರಿನಲ್ಲಿ ನೆನೆಹಾಕಿದರೆ ಮುಖದ ಬಣ್ಣ ಹೋಗುತ್ತದೆಂದು ನನ್ನ ಊಹೆ. ಬಣ್ಣ ಹೋಯಿತು. ಮುಖವೂ ಹೋಯಿತು. ಬಿಸಿಲಿಗಿಟ್ಟ ಬೆಲ್ಲದ ಹಾಗೆ ಮನುಷ್ಯನೇ ಕರಗಿ ಬಟ್ಟಲಿಗೆ ಅಂಟಿಕೊಂಡ. ಆಮೇಲೆ ಹಿತ್ತಾಳೆ ಪಾತ್ರೆ ತಿಕ್ಕುವ ಪಾಲಿಶನ್ನು ಹತ್ತಿಗೆ ಹಚ್ಚಿ, ಮಗುವಿನ ಬಾಯಿ ಒರೆಸಿದ ಹಾಗೆ ಮೆಲ್ಲಗೆ ತಿಕ್ಕಿದರೆ ಬರಿ ಬಣ್ಣ ಮಾತ್ರ ಬರುತ್ತದೆಂದು ಕಲಿತೆ. ಸೋರುವ ನಳಕ್ಕೆ ಮೆತ್ತುವ ಎರಡು ಬಣ್ಣದ ಮೇಣವಿದೆಯಲ್ಲ, ಅದನ್ನು ಹೋಳಿಗೆಯ ಕಣಕದಂತೆ ನಾದಿದರೆ ರುಮಾಲು, ಮುಡಿ, ಹೊಟ್ಟೆ, ಏನು ಬೇಕಾದರೂ ಆಗುತ್ತದೆ. ಕೂದಲಿಗಿಂತ ಸಣ್ಣ ಗೆರೆಗೆ ಹಲ್ಲುಕಡ್ಡಿಯ ತುದಿ. ಕೈ ನಡುಗುತ್ತದಲ್ಲ ಎನ್ನುತ್ತೀರಾ? ನಡುಗುತ್ತದೆ. ಅದಕ್ಕೇ ನನ್ನ ಹೆಂಗಸರೆಲ್ಲರ ಹುಬ್ಬೂ ಏನೋ ಅನುಮಾನದಲ್ಲಿ ಇದ್ದಂತೆ ಇರುತ್ತದೆ. ನಮ್ಮ ಓಣಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ಹೀಗೆ ಒಬ್ಬ ಅಂಚೆಯವನಾದ. ಸೊಪ್ಪು ಮಾರುವ ಹಮೀದಾಬೀ ಆದಳು. ಒಂದು ದಿನ ಧೈರ್ಯ ಮಾಡಿ ನನ್ನನ್ನೇ ಮಾಡಿಕೊಂಡೆ: ಬಿಳಿ ಮುಡಿ, ಕನ್ನಡಕ, ಕೈಯಲ್ಲಿ ಚಾಕ್‌ಪೀಸು. ನಮ್ಮವರ ಮುಂದೆ ಮೇಜಿನ ಮೇಲೆ ನಿಲ್ಲಿಸಿದೆ. ಅವರು ಪೇಪರು ಮಡಿಸಿಟ್ಟು ಸಾಕಷ್ಟು ಹೊತ್ತು ನೋಡಿದರು. "ಇಕಿ ನೀ ಅಲ್ಲ" ಎಂದರು. ಯಾಕೆಂದು ಕೇಳಿದೆ. "ನಾ ಕುಂತಾಗಿಂದ ಸುಮ್ನ ನಿಂತಾಳ" ಎಂದು ಮತ್ತೆ ಪೇಪರು ಬಿಡಿಸಿದರು.

ಈ ಚಟ ನನಗೆ ಮೊದಲಿನಿಂದಲೂ ಇತ್ತೇನೋ. ನಾನು ಕುರುಬರ ಮನೆಯ ಹುಡುಗಿ. ಅಪ್ಪನಿಗೆ ರೈಲ್ವೆಯಲ್ಲಿ ನೌಕರಿ ಸಿಕ್ಕು, ಅದರ ಜೊತೆಗೆ ಇಂಗ್ಲಿಷಿನ ಹುಚ್ಚೂ ಹಿಡಿದು, ನನ್ನನ್ನು ಸಿಕಂದರಾಬಾದಿನ ಒಂದು ಕಾನ್ವೆಂಟಿಗೆ ಹಾಕಿದರು. ಕ್ರಿಸ್‌ಮಸ್ಸಿಗೆ ಅಲ್ಲಿ ಗೋದಲಿ ಕಟ್ಟುತ್ತಿದ್ದರು. ಹುಲ್ಲು, ದನ, ತಾಯಿ, ಕೂಸು, ಕೂಸನ್ನು ನೋಡಲು ಬಂದ ಕುರುಬರು. ಆ ಕುರುಬರಿಗೆ ಗುಲಾಬಿ ಕೆನ್ನೆ, ಗುಂಗುರು ಕೂದಲು, ಮಲಗುವಾಗ ತೊಡುವಂಥ ಉದ್ದನೆಯ ಗೌನು. ಬಣ್ಣ ಮಾಸಿತ್ತೆಂದು ಸಿಸ್ಟರ್ ಆಗ್ನೆಸ್ ಒಂದು ಬ್ರಷ್ಷನ್ನು ನನ್ನ ಕೈಗಿತ್ತು, "ಜಸ್ಟ್ ಎ ಟಚ್-ಅಪ್, ಚೈಲ್ಡ್" ಎಂದರು. ನಾನು ಟಚ್-ಅಪ್ ಮಾಡಿದೆ. ಕರಿ ಕಂಬಳಿ ಬಂತು, ಕೆಂಪು ರುಮಾಲು ಬಂತು, ಹುರಿಮೀಸೆ ಬಂತು, ಹಣೆಗೆ ನಮ್ಮ ಕುಲದೇವರು ಬೀರಪ್ಪನ ಭಂಡಾರದ ಅರಿಶಿನವೂ ಬಂತು. ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು. "ಇವರು ಕೂಸಿಗೆ ನಮಸ್ಕಾರ ಮಾಡಲು ಬಂದವರ ಹಾಗಿಲ್ಲ, ಕಳೆದುಹೋದ ತಮ್ಮ ಕುರಿ ಕೇಳಲು ಬಂದವರ ಹಾಗಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆದರೆ ಅಳಿಸಲಿಲ್ಲ. ರಜೆಗೆ ಕರೆದೊಯ್ಯಲು ಬಂದ ನಮ್ಮಪ್ಪ ಆ ಗೋದಲಿಯ ಮುಂದೆ ಟೋಪಿ ತೆಗೆದು ಕೈಮುಗಿದರು. ಯಾರಿಗೆ ಮುಗಿದರೆಂದು ನಾನು ಕೇಳಲಿಲ್ಲ.

ಯೋಚಿಸಿದರೆ, ಕಸ್ಟಮ್ ಮಾಡುವುದರಲ್ಲಿ ನಾವು ಯಾರಿಗೂ ಕಡಿಮೆಯಲ್ಲ. ಗುಡಿಯಲ್ಲಿ ಒಂದು ದುಂಡುಕಲ್ಲು ಇರುತ್ತದೆ. ವಾರಕ್ಕೊಮ್ಮೆ ಅದಕ್ಕೆ ಹಿತ್ತಾಳೆಯ ಮುಖ ಇಡುತ್ತಾರೆ, ಮೀಸೆ ಅಂಟಿಸುತ್ತಾರೆ, ರುಮಾಲು ಸುತ್ತುತ್ತಾರೆ. ಪೂಜೆ ಮುಗಿದ ಮೇಲೆ ತೆಗೆದು ಪೆಟ್ಟಿಗೆಯಲ್ಲಿಡುತ್ತಾರೆ. ದೇವರಿಗೆ ಇದರಿಂದ ಬೇಸರವಾದ ಹಾಗೆ ಕಾಣುವುದಿಲ್ಲ. ಹಳ್ಳಿಗಳ ಹೊರಗೆ ವೀರಗಲ್ಲುಗಳಿವೆ, ನೋಡಿರುತ್ತೀರಿ. ಯುದ್ಧದಲ್ಲಿ ಸತ್ತವನಿಗೂ ಅದೇ ಮುಖ, ದನ ಬಿಡಿಸಲು ಹೋಗಿ ಸತ್ತವನಿಗೂ ಅದೇ ಮುಖ. ಕಲ್ಲು ಕೆತ್ತುವವನಿಗೆ ಒಂದೇ ಮುಖ ಬರುತ್ತಿತ್ತೋ, ಅಥವಾ ಸತ್ತ ಮೇಲೆ ಎಲ್ಲರೂ ಒಂದೇ ಎಂಬ ಫಿಲಾಸಫಿಯೋ, ಪಂಡಿತರು ಹೇಳಬೇಕು. ಕೈ ನಡುಗುವ ನನ್ನಂಥವಳಿಗೆ ಮಾತ್ರ ಮೊದಲನೆಯ ಕಾರಣವೇ ಖರೆ ಎನ್ನಿಸುತ್ತದೆ.

ಇಷ್ಟು ದಿನ ಇದೆಲ್ಲ ಆಟವೇ ಆಗಿತ್ತು. ಕಾಶವ್ವಕ್ಕ ಬಂದು ಇದನ್ನು ಆಟವಲ್ಲದಂತೆ ಮಾಡಿದಳು.

ಕಾಶವ್ವಕ್ಕ ನನ್ನ ಹಿರಿಯ ನೆಗೆಣ್ಣಿ, ಅಂದರೆ ನಮ್ಮವರ ಅಣ್ಣನ ಹೆಂಡತಿ. ವಲಾಂಡಿಯಲ್ಲಿ ಮಗ ಬೀರು, ಸೊಸೆ, ಹೊಲ, ಒಂದಿಷ್ಟು ಕುರಿ ಇವುಗಳ ಮೇಲೆ ದರ್ಬಾರು ಮಾಡಿಕೊಂಡಿದ್ದಾಳೆ. ನಾನು ಮದುವೆಯಾಗಿ ಬಂದ ದಿನ ನನ್ನ ಕೈಗಡಿಯಾರ ನೋಡಿ "ಮ್ಯಾಡಮ್ಮ" ಎಂದು ಹೆಸರಿಟ್ಟವಳು ಇವಳೇ. ಇವತ್ತಿಗೂ ಅದೇ ಹೆಸರು. ಇವಳ ಗಂಡ ಮಾಳಪ್ಪ ಭಾವ ಕಳೆದ ವರ್ಷ ತೀರಿಕೊಂಡರು. ಕುರಿ ಮೇಯಿಸುತ್ತ ನಿಲಂಗಾ, ಉಮರ್ಗಾ, ತುರೋರಿಯ ಹೈವೇ ದಾಟಿ ಆಚೆಯ ಬಯಲುಗಳವರೆಗೆ ನಡೆದ ಮನುಷ್ಯ. ಲಾರಿಯವರು ಹಾರ್ನು ಒತ್ತಿ ಒತ್ತಿ ಸುಸ್ತಾಗುತ್ತಿದ್ದರು, ಅವರ ಹಿಂಡು ತನಗೆ ಬೇಕಾದಾಗಲೇ ರಸ್ತೆ ಬಿಡುತ್ತಿತ್ತು.

ಆ ದಿನ ಅಕ್ಕ ಉದಗೀರಿಗೆ ಕಣ್ಣು ತೋರಿಸಿಕೊಳ್ಳಲು ಬಂದವಳು ನನ್ನ ಮೇಜಿನ ಮುಂದೆ ನಿಂತಳು.

"ಯವ್ವಾ ಮ್ಯಾಡಮ್ಮಾ, ಇದೇನ ಮಾಡ್ಲತ್ತಿ? ಹಾಡ ಹಗಲಾಗ ಮಂದಿ ರುಂಡ ಕಿತ್ತ ಸಾಲಾಗಿ ಇಟ್ಟೀಯಲ್ಲ!"

"ಹೊಸಾ ಮಾರಿ ಬರೀಲತ್ತೀನಿ ಅಕ್ಕಾ. ಯಾರ ಬೇಕಂದ್ರ ಅವ್ರನ್ನ ಮಾಡಬಹುದು."

"ಯಾರ ಬೇಕಂದ್ರ ಅವ್ರನ್ನ?" ಎಂದಳು. ನಗು ಅರ್ಧಕ್ಕೇ ನಿಂತಿತು. ಕುರ್ಚಿ ಎಳೆದುಕೊಳ್ಳದೆ ನೆಲದ ಮೇಲೇ ಕೂತಳು. ಅವಳು ನೆಲದ ಮೇಲೆ ಕೂತರೆ ಮಾತು ಉದ್ದವಿದೆ ಎಂದರ್ಥ.

ವಿಷಯವಿಷ್ಟು. ನಮ್ಮ ಮನೆತನಗಳಲ್ಲಿ ದೇವರ ಜಗಲಿಯ ಮೇಲೆ ಟಾಕುಗಳಿರುತ್ತವೆ. ಬೆಳ್ಳಿಯ ತೆಳು ತಗಡನ್ನು ಅಚ್ಚಿನ ಮೇಲಿಟ್ಟು ಬಡಿದು ಉಬ್ಬಿಸಿದ ಪುಟ್ಟ ಮೂರ್ತಿಗಳು. ಬೀರಪ್ಪನದು, ಖಂಡೋಬನದು, ಅವರ ಪಕ್ಕದಲ್ಲೇ ಮನೆಯ ಹಿರಿಯರದು. ತೀರಿಕೊಂಡವರ ಟಾಕು ಮಾಡಿಸಿ ಮಹಾನವಮಿಗೆ ಜಗಲಿಯ ಮೇಲೆ ಕೂರಿಸಬೇಕು. ಅಲ್ಲಿಂದ ಮುಂದೆ ಅವರು ಮನೆ ಬಿಟ್ಟು ಹೋದವರಲ್ಲ, ಮನೆಯಲ್ಲೇ ಜಾಗ ಬದಲಿಸಿದವರು. ಹಿಂದೆ ಅಕ್ಕಸಾಲಿ ಪತ್ತಾರನ ಹತ್ತಿರ ಒಂದೇ ಅಚ್ಚು, ಕುದುರೆ ಏರಿ ಕತ್ತಿ ಹಿಡಿದ ಗಂಡಸು. ನನ್ನ ಮಾವನವರು ಜೀವಮಾನದಲ್ಲಿ ಎತ್ತಿನ ಗಾಡಿ ಬಿಟ್ಟು ಬೇರೇನನ್ನೂ ಏರಿದವರಲ್ಲ. ಈಗ ಜಗಲಿಯ ಮೇಲೆ ಕುದುರೆ ಕುಣಿಸುತ್ತಿದ್ದಾರೆ. ಆದರೆ ಈಗಿನ ಪತ್ತಾರರು ಮುಂದುವರಿದಿದ್ದಾರೆ. ನಿಲಂಗಾದಲ್ಲಿ ಒಬ್ಬರು ಫೋಟೋ ಕೊಟ್ಟರೆ ಅದೇ ಮುಖ ಬೆಳ್ಳಿಯಲ್ಲಿ ಎಬ್ಬಿಸಿಕೊಡುತ್ತಾರೆ. ಬೀರು ಅಪ್ಪನ ಫೋಟೋ ಹುಡುಕಿದ. ಫೋಟೋ ತೆಗೆಯುತ್ತಾರೆಂದರೆ ಕುರಿ ಬಿಟ್ಟು ಓಡಿಹೋಗುತ್ತಿದ್ದ ಮನುಷ್ಯನ ಫೋಟೋ ಎಲ್ಲಿರಬೇಕು? ಆಧಾರ್ ಕಾರ್ಡಿನದೊಂದೇ ಇತ್ತು.

ನಿಮ್ಮ ಆಧಾರ್ ಫೋಟೋ ನೆನಪಿಸಿಕೊಳ್ಳಿ. ನನಗೆ ನನ್ನದು ನೋಡಿದರೆ ಯಾವ ಕೇಸಿನಲ್ಲಿ ಸಿಕ್ಕಿಬಿದ್ದೆ ಎಂದು ಕೇಳಬೇಕೆನ್ನಿಸುತ್ತದೆ.

"ಅದ್ರಾಗ ಯಾರೋ ಟಗರು ಕದ್ದಂವಾ ಇದ್ದಂಗ ಅದಾನ" ಎಂದಳು ಅಕ್ಕ. "ಅಂವನ್ನ ಜಗಲಿ ಮ್ಯಾಲ ಕೂಡಿಸಿ ನಾ ದಿನಾ ಊದಿನಕಡ್ಡಿ ಬೆಳಗಲೇನ? ಕುದರೀದು ಮಾಡಸ್ತೀನಿ ಅಂದ ಬೀರು. ಕುದರಿ ಕಂಡ್ರ ಹೆದರಿ ನನ್ನ ಹಿಂದ ನಿಂದ್ರತಿದ್ರು, ಅದ್ರ ಮ್ಯಾಲ ಹ್ಯಾಂಗ ಕೂಡಸ್ಲಿ?"

ನಾನು ನಕ್ಕೆ. ಅವಳು ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದಳು:

"ಮ್ಯಾಡಮ್ಮಾ, ಯಾರಿಗೂ ಹೇಳಬ್ಯಾಡ. ನನಗ ಅವ್ರ ಮಾರಿ ನೆಪ್ಪ ಆಗವಲ್ದು. ಕಣ್ಣ ಮುಚ್ಚಿದ್ರ ರುಮಾಲ ಬರ್ತದ, ಕೆಮ್ಮ ಕೇಳಸ್ತದ, ಮಾರಿ ಇರೂ ಜಾಗಾದಾಗ ಏನೂ ಇಲ್ಲ. ವರ್ಷ ಸುದ್ದಾ ಆಗಿಲ್ಲ. ಇಂಥಾ ಹೆಂಗಸು ಎಲ್ಲರೆ ಇರ್ತಾಳೇನ? ಗಂಡನ ಮಾರಿ ಮರತಾಕಿ!"

ಅಂಗೈಯಲ್ಲಿದ್ದ ತಲೆಯೊಂದನ್ನು ತಿರುಗಿಸುತ್ತ, "ಮಾಡ್ತೀನಿ ಅಕ್ಕಾ" ಎಂದೆ. ಗೊಂಬೆಯನ್ನು ಮಾದರಿಯಾಗಿ ನಿಲಂಗಾದ ಪತ್ತಾರನಿಗೆ ಕೊಡುವುದು, ಅದನ್ನು ನೋಡಿ ಅವನು ಬೆಳ್ಳಿಯಲ್ಲಿ ಎಬ್ಬಿಸುವುದು ಎಂದು ತೀರ್ಮಾನವಾಯಿತು. ಹೇಳಿದ್ದು ಸುಲಭವಾಗಿತ್ತು.

ಮೈ ಮಾಡುವುದು ಕಷ್ಟವಾಗಲಿಲ್ಲ. ಬೆಂಕಿ ಆರಿಸುವವನೊಬ್ಬನನ್ನು ನೌಕರಿಯಿಂದ ಬಿಡಿಸಿ ಧೋತರ ಬರೆದೆ. ಮೇಣದಿಂದ ರುಮಾಲು ಸುತ್ತಿದೆ. ಹಳೆಯ ಕಂಬಳಿಯ ತುಣುಕೊಂದನ್ನು ಕತ್ತರಿಸಿ ಹೆಗಲಿಗೆ ಅಂಟಿಸಿದೆ. ಅಸಲಿ ಕುರಿ ಉಣ್ಣೆ, ಹೆಬ್ಬೆರಳುದ್ದದ ಮನುಷ್ಯನಿಗೆ ಅದು ಹಲಗೆಯ ಹಾಗೆ ಸೆಟೆದು ನಿಂತಿತು. ಕೈ ಕೆಳಗಿಳಿಯಲು ಅದು ಅಡ್ಡ ಬಂತು. ಆದ್ದರಿಂದ ಎರಡೂ ಕೈ ಮೇಲೆತ್ತಿಸಿ, ಕತ್ತಿನ ಹಿಂದೆ ಕೋಲನ್ನು ಅಡ್ಡ ಇಟ್ಟು, ಎರಡು ಮುಷ್ಟಿಗೂ ಸಿಕ್ಕಿಸಿದೆ. ಕೋಲು ಊದಿನಕಡ್ಡಿಯ ಬಿದಿರು.

ಮುಖ ಬಂದಾಗ ಜಗಳ ಶುರುವಾಯಿತು.

ನಮ್ಮವರು ಅಣ್ಣನ ವಿಷಯದಲ್ಲಿ ತಾವೇ ಅಥಾರಿಟಿ ಎಂದರು. "ಮೀಸಿ ಮ್ಯಾಲ ಏರಿರಬೇಕು. ಇಷ್ಟ ಆ್ಯಂಗಲ್" ಎಂದು ಪೆನ್ಸಿಲಿನಿಂದ ಪೇಪರಿನ ಅಂಚಿನಲ್ಲಿ ಕೋನ ಬರೆದು ತೋರಿಸಿದರು. ಬರೆದೆ. ಫೋಟೋ ತೆಗೆದು ಬೀರುಗೆ ಕಳಿಸಿದೆ. ಅವನು ಕೂಡಲೇ ಫೋನು ಮಾಡಿದ. "ಕಾಕೀ, ಇಂವಾ ಯಾವ ಪೈಲ್ವಾನರೀ? ಅಪ್ಪನ ಮೀಸಿ ಕೆಳಗ ಇಳದಿತ್ತರಿ. ಕೆನ್ನಿ ಒಳಗ ಹೋಗಿದ್ವು." ಅಳಿಸಿ ಇಳಿಸಿದೆ. ನಮ್ಮವರು ಒಪ್ಪಲಿಲ್ಲ. ತಮ್ಮನಿಗೆ ನೆನಪಿದ್ದದ್ದು ತನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟ ಹರೆಯದ ಅಣ್ಣ. ಮಗನಿಗೆ ನೆನಪಿದ್ದದ್ದು ಕಟ್ಟೆಯ ಮೇಲೆ ಕೂತು ಕೆಮ್ಮುವ ಮುದುಕ. ಇಬ್ಬರೂ ಫೋನಿನಲ್ಲಿ ಒಬ್ಬರಿಗೊಬ್ಬರು, ಆ ಮನುಷ್ಯನನ್ನು ನೀನು ನೋಡಿಯೇ ಇಲ್ಲ ಎಂಬಂತೆ ವಾದಿಸಿದರು. ಅಕ್ಕನನ್ನು ಕೇಳಿದರೆ, "ಹಂಗೂ ಇತ್ತು, ಹಿಂಗೂ ಇತ್ತು" ಎಂದಳು, ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗಿಯ ಹಾಗೆ.

ಇವರನ್ನೆಲ್ಲ ಬಿಟ್ಟು ನಾನೇ ನೆನಪು ಮಾಡಿಕೊಂಡು ಬರೆಯೋಣವೆಂದು ಕಣ್ಣು ಮುಚ್ಚಿದೆ. ಕಂಡದ್ದು ಒಂದು ಜೋಡಿ ಕಾಲ್ಮರಿ. ಟೈರಿನ ಅಟ್ಟೆ, ಎಡಗಾಲಿನ ಹೆಬ್ಬೆರಳಿನ ಉಗುರು ಸೀಳಿದ್ದು. ಅಷ್ಟೇ. ಕಾನ್ವೆಂಟೇ ಇರಲಿ, ಕೈಗಡಿಯಾರವೇ ಇರಲಿ, ಭಾವ ಎದುರು ಬಂದರೆ ಮನೆಗೆ ಸೊಸೆಯಾಗಿ ಬಂದವಳು ತಲೆಯ ಮೇಲೆ ಸೆರಗು ಎಳೆದು ಕಣ್ಣು ನೆಲಕ್ಕೆ ಇಳಿಸಬೇಕು. ಅವರು ಚಹಾ ಕುಡಿದು ಎದ್ದುಹೋಗುವವರೆಗೂ ನಾನು ನೆಲವನ್ನೇ ಓದುತ್ತಿದ್ದೆ. ಹಾಗಾಗಿ ಭಾವನ ಪಾದದ ಬಗ್ಗೆ ನಾನು ಥೀಸಿಸ್ ಬರೆಯಬಲ್ಲೆ. ದುರ್ದೈವ, ಈ ಗೊಂಬೆಗಳಿಗೆ ಪಾದವೇ ಇಲ್ಲ, ಎರಡು ಇಟ್ಟಿಗೆಯ ಮೇಲೆ ನಿಂತಿರುತ್ತವೆ.

ಕೊನೆಗೆ ಮೇಲೂ ಅಲ್ಲದ ಕೆಳಗೂ ಅಲ್ಲದ ಮೀಸೆ, ಎರಡು ಚುಕ್ಕೆ ಕಣ್ಣು, ಮುಚ್ಚಿದ ಬಾಯಿ ಬರೆದು ಕೊಟ್ಟೆ. ಮನೆಮಂದಿಯೆಲ್ಲ ಸೇರಿ ಕಮಿಟಿಯಲ್ಲಿ ಪಾಸು ಮಾಡಿದ ಮುಖ. ಅಕ್ಕ ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಳ್ಳುತ್ತ, "ಚಂದ ಆಗ್ಯಾನ. ಯಾರದೋ ಛಲೋ ಮನಿತನದ ಮಗಾ ಇದ್ದಂಗ ಅದಾನ" ಎಂದಳು. ಹೆಣ್ಣು ನೋಡಲು ಬಂದವರು ಒಲ್ಲೆ ಎನ್ನುವ ಮೊದಲು ಹೀಗೇ ಹೊಗಳುತ್ತಾರೆ.

ಮಹಾನವಮಿ ಹತ್ತಿರ ಬಂತು. ಪತ್ತಾರನಲ್ಲಿಗೆ ಹೋಗುವ ಬೆಳಿಗ್ಗೆ ಅಕ್ಕನ ಫೋನು. "ಮ್ಯಾಡಮ್ಮಾ, ನಿಮ್ಮ ಭಾವನ ಮಾರಿ ತೊಳದಹೋತು!"

ಆದದ್ದೇನೆಂದರೆ, ಅವಳು ಗೊಂಬೆಯನ್ನು ಗೌರವದಿಂದ ಜಗಲಿಯ ಮೇಲೇ ಇಟ್ಟಿದ್ದಳು. ಹಬ್ಬದ ಮುಂಚೆ ಟಾಕುಗಳನ್ನೆಲ್ಲ ಪರಾತವೆಂಬ ದೊಡ್ಡ ತಟ್ಟೆಯಲ್ಲಿ ಹಾಕಿ, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುವುದು ಪದ್ಧತಿ. ಅಂದು ಬೀರಪ್ಪ, ಖಂಡೋಬ, ಕುದುರೆ ಸಮೇತ ಮಾವನವರು, ಎಲ್ಲರ ಜೊತೆ ಭಾವನೂ ಪರಾತಕ್ಕೆ ಇಳಿದರು. ಜಗಲಿಯ ಮೇಲೆ ಇದ್ದವರನ್ನೆಲ್ಲ ಅಷ್ಟು ವರ್ಷ ತಿಕ್ಕಿದ ಕೈ, ಇವನು ಪ್ಲಾಸ್ಟಿಕ್ಕಿನವನು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಬೆಳ್ಳಿಯವರೆಲ್ಲ ಫಳಫಳ ಎಂದರು. ಭಾವನ ಮುಖ ನೀರಿನ ಜೊತೆ ಹೋಯಿತು.

ನಾನು ಬಣ್ಣದ ಡಬ್ಬಿ, ಕಡ್ಡಿ, ಭೂತಗನ್ನಡಿ ಎಲ್ಲ ಚೀಲಕ್ಕೆ ತುಂಬಿಕೊಂಡು, ನಮ್ಮವರನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದೆ. ಎಮರ್ಜೆನ್ಸಿ ಆಪರೇಷನ್ನಿಗೆ ಹೊರಟ ಡಾಕ್ಟರ ಹಾಗೆ ಮಡಿಲಲ್ಲಿ ಚೀಲ ಬಿಗಿಹಿಡಿದು ಕೂತಿದ್ದೆ. ವಲಾಂಡಿ ಮುಟ್ಟಿದಾಗ ಅಂಗಳದಲ್ಲಿ ತೊಳೆದ ಪಾತ್ರೆಗಳೆಲ್ಲ ಬಿಸಿಲಿಗೆ ಬೋರಲಾಗಿದ್ದವು. ಅಂಗಳದ ಆ ಕೊನೆಯ ಮೋಟುಗೋಡೆಯ ಮೇಲೆ ಟಾಕುಗಳು ಒಣಗುತ್ತಿದ್ದವು. ಸಾಲಿನ ಕೊನೆಗೆ ರಸ್ತೆಯ ಕಡೆ ತಿರುಗಿ ಭಾವ ನಿಂತಿದ್ದರು, ಅವಸರದಲ್ಲಿ ಹೇಗೆ ಬಂತೋ ಹಾಗೆ ಇಟ್ಟದ್ದು. ಅಕ್ಕ ಒಳಗಿಂದ ತಂಬಿಗೆ ಹಿಡಿದು ಬಂದಳು. ನಮಗೆ ಬರ್ರಿ ಎಂದು ಹೇಳಲು ಬಾಯಿ ತೆರೆದವಳು ಗೋಡೆಯ ಕಡೆ ನೋಡಿ ಹಾಗೆಯೇ ನಿಂತಳು.

ನಾನು ಹೋಗಿ ಗೊಂಬೆ ಎತ್ತಿಕೊಳ್ಳಲು ಕೈ ಚಾಚಿದೆ. ನನ್ನ ಕೈಗೆ ಪಟ್ಟೆಂದು ಒಂದು ಏಟು ಬಿತ್ತು.

"ತಿರುವಬ್ಯಾಡ!"

ಅವಳು ನೆಲದ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಬಗ್ಗಿ ಅವಳು ನೋಡುವ ಕಡೆ ನೋಡಿದೆ. ಹಲಗೆಯಂತೆ ಸೆಟೆದಿದ್ದ ಕಂಬಳಿ ನೀರು ಕುಡಿದು ಭಾರವಾಗಿ ಜೋತಿತ್ತು. ಅದರ ಭಾರಕ್ಕೆ ಕೋಲು ಒಂದು ಕಡೆ ವಾಲಿ, ಎಡ ಹೆಗಲು ಇಳಿದಂತೆ ಕಾಣುತ್ತಿತ್ತು. ಕತ್ತಿನ ಹಿಂದೆ ಅಡ್ಡ ಕೋಲು, ಅದಕ್ಕೆ ಸಿಕ್ಕಿಕೊಂಡ ಎರಡು ಕೈ, ಸ್ವಲ್ಪ ಪಕ್ಕಕ್ಕೆ ಜರುಗಿದ ರುಮಾಲು. ಮುಂದೆ ಬರಿ ರಸ್ತೆ.

"ನೋಡು" ಎಂದಳು ಅಕ್ಕ. "ಹೊಂಟಾರ ನೋಡು. ಮಳ್ಯಾಗ ತೊಯ್ಕೋತ ಹಿಂಗ ಹೊಂಟಿದ್ರು. ನಾ ಹಿಂದ. ತಲಿ ಮ್ಯಾಲ ಗಂಟು, ಕಂಕುಳಾಗ ಮರಿ. ಇಷ್ಟ ಮುಂದ ಇರ್ತಿದ್ರು, ಇಷ್ಟ. ನಿಂದ್ರರಿ ಅಂದ್ರ ನಿಂದ್ರತಿದ್ದಿಲ್ಲ, ತಿರುಗಿ ಸುದ್ದಾ ನೋಡ್ತಿದ್ದಿಲ್ಲ ಮಗ್ಗಲ ಮುರುಕ!" ಎಂದು ಬೈಯುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮಾರಿ ನಾ ಯಾವಾಗ ನೋಡ್ಲಿ ಮ್ಯಾಡಮ್ಮಾ? ಅತ್ತಿ ಮಾವನ ಮುಂದ ನೋಡಂಗಿಲ್ಲ. ದಾರ್ಯಾಗ ಅವ್ರು ಮುಂದ. ಮನಿಗಿ ಬಂದು ನಾ ದೀಪ ಹಚ್ಚೂದ್ರಾಗ ಗೊರಕಿ ಹೊಡೀತಿದ್ರು!"

ನಾವು ಇಬ್ಬರೂ ನಕ್ಕೆವು. ಒಳಗಿಂದ ಸೊಸೆ ಇಣುಕಿ, ಅತ್ತೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ಚಹಾ ಇಡಲು ಹೋದಳು. ಅಕ್ಕ ಏನನ್ನೂ ಮರೆತಿರಲಿಲ್ಲ. ಬೆಳ್ಳಿಗೆ ಮುಖ ಬೇಕು, ಆಧಾರಿಗೆ ಮುಖ ಬೇಕು, ಕಾನ್ವೆಂಟಿನಲ್ಲಿ ಓದಿದ ನನಗೂ ಮುಖವೇ ಬೇಕು ಎಂದು ನಾವೆಲ್ಲ ಸೇರಿ ಗಂಡನನ್ನು ಅವರಿಲ್ಲದ ಜಾಗದಲ್ಲಿ ಹುಡುಕಲು ಅವಳಿಗೆ ಹಚ್ಚಿದ್ದೆವು. ನನ್ನ ಬಣ್ಣದ ಚೀಲವನ್ನು ಬಿಚ್ಚಲೇ ಇಲ್ಲ.

ನಿಲಂಗಾಕ್ಕೆ ಅಕ್ಕ, ಬೀರು ಇವರ ಜೊತೆ ನಾನೂ ಹೋದೆ. ಪತ್ತಾರ ಗೊಂಬೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಮುಂದೆ ಮುಖವಿಲ್ಲ. "ಮಾರಿ ಎಲ್ಲಿ ಅದರೀ ಅಕ್ಕಾ?"

"ಮಾರಿ ಬ್ಯಾಡ. ಬೆನ್ನ ಮಾಡ್ರಿ."

ಅವನು ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ಬೀರು ಅಂಗಡಿಯ ಹೊರಗೆ ಏನೋ ಮುಖ್ಯ ಕೆಲಸವಿದ್ದಂತೆ ಎದ್ದುಹೋದ. "ಜಗಲಿ ಮ್ಯಾಲ ಬೆನ್ನ ತೋರಿಸಿ ನಿಂತ ಟಾಕ ನಮ್ಮ ಆಜೋಬಾ ಸುದ್ದಾ ಮಾಡಿಲ್ಲರೀ" ಎಂದ ಪತ್ತಾರ. ಅಜ್ಜನನ್ನು ಮರಾಠಿಯಲ್ಲಿ ಕರೆದರೆ ಮಾತಿಗೆ ತೂಕ ಬರುತ್ತದೆಂದು ನಮ್ಮ ಕಡೆಯ ನಂಬಿಕೆ. "ಮಂದಿ ಏನಂದಾರು? ದೇವ್ರ ಮುನಿಸಿಕೊಂಡಾನ ಅಂತಾರ. ದರ್ಶನ ಕೊಡೂದು ಬ್ಯಾಡೇನ?"

"ಮಂದಿಗಿ ಮಾರಿ ಬೇಕಂದ್ರ ಆ ಕಡಿ ಹೋಗಿ ನಿಂದ್ರಲಿ" ಎಂದಳು ಅಕ್ಕ. "ಅವ್ರು ದರ್ಶನ ಕೊಡಾಕ ನಿಂತಿಲ್ಲ. ಮುಂದ ನಡದಾರ. ಮತ್ತ ಕೇಳ್ರಿ, ಎಡಾ ಹೆಗಲ ಇಷ್ಟ ಇಳೀಬೇಕು. ನೆಟ್ಟಗ ಮಾಡಿದ್ರಿ ಅಂದ್ರ ನಾ ಒಯ್ಯಂಗಿಲ್ಲ."

ಪತ್ತಾರ ಮಾಡಿಕೊಟ್ಟ, ಮತ್ತು ಚೆನ್ನಾಗಿಯೇ ಮಾಡಿದ. ಮಹಾನವಮಿಯ ದಿನ ಜಗಲಿಯ ಮೇಲೆ ದೇವರು, ಹಿರಿಯರು ಎಲ್ಲರೂ ನಮ್ಮನ್ನು ನೋಡುತ್ತ ಕೂತಿದ್ದರು. ಒಬ್ಬರು ಮಾತ್ರ ಕಂಬಳಿ ಹೊದ್ದು ಆ ಕಡೆ ಹೊರಟಿದ್ದರು. ಬಂದ ನೆಂಟರು ತಲೆಗೊಂದು ಮಾತಾಡಿದರು. ಒಬ್ಬಾಕೆ ತಿರುವುಮುರುವಾಗಿದೆ ಎಂದುಕೊಂಡು ತಗಡನ್ನು ತಿರುಗಿಸಿಯೇ ಬಿಟ್ಟಳು. ಹಿಂದೆ ಬರಿ ತಗಡು ಕಂಡು ಗಾಬರಿಯಾಗಿ ಮತ್ತೆ ಸರಿಯಾಗಿ ಇಟ್ಟಳು. ಕುಂಕುಮ ಎಲ್ಲಿಡಬೇಕೆಂದು ಸೊಸೆಗೆ ತಿಳಿಯಲಿಲ್ಲ, ಹಣೆಯೇ ಇಲ್ಲವಲ್ಲ. ಅಕ್ಕ ಸುಮ್ಮನೆ ರುಮಾಲಿನ ಮೇಲೆ ಒಂದು ಚಿಟಿಕೆ ಭಂಡಾರ ಉದುರಿಸಿ, "ಸಾವಕಾಶ ನಡೀರಿ, ಬರ್ಲತ್ತೀನಿ" ಎಂದಳು. ಅವಳು ಅದನ್ನು ಬಹಳ ಸಹಜವಾಗಿ, ಹೊಲಕ್ಕೆ ಹೊರಟವರಿಗೆ ಹೇಳಿದ ಹಾಗೆ ಹೇಳಿದ್ದರಿಂದ ನಮಗ್ಯಾರಿಗೂ ಅಳುವ ಅವಕಾಶ ಸಿಗಲಿಲ್ಲ.

ಸಂಜೆ ನಾನೂ ನಮ್ಮವರೂ ಉದಗೀರಿನ ಸ್ಟ್ಯಾಂಡಿನಲ್ಲಿ ಇಳಿದು ಮನೆಯ ಕಡೆ ನಡೆದೆವು. ನಾವು ಮೊದಲಿನಿಂದಲೂ ಜೋಡಿಯಾಗಿ ನಡೆದವರು. ಮದುವೆಯಾದ ಹೊಸತರಲ್ಲಿ ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು. ಹಿಂದೆ ಮುಂದೆ ನಡೆಯುವುದು ಓದಿದವರ ಲಕ್ಷಣವಲ್ಲ ಎಂದು ನನ್ನ ಹಟ, ಅವರೂ ಪಾಪ ಒಪ್ಪಿಕೊಂಡಿದ್ದರು. ಅಂದು ನಾನು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತೆ. ಅವರು ಬಸ್ಸಿನ ಕಂಡಕ್ಟರನ ಲೆಕ್ಕದ ತಪ್ಪನ್ನು ಪಕ್ಕದಲ್ಲಿಲ್ಲದ ನನಗೆ ವಿವರಿಸುತ್ತ ಮುಂದೆ ಹೋದರು. ಬಲಗೈ ಬೆನ್ನ ಹಿಂದೆ ಮಡಚಿತ್ತು, ಅದರ ಬೆರಳುಗಳು ಯಾವುದೋ ಲೆಕ್ಕ ಮಾಡುತ್ತಿದ್ದವು. ಕಾಲರಿನ ಒಂದು ಬದಿ ಮೇಲೆದ್ದಿತ್ತು. ಕತ್ತಿನ ಹಿಂದೆ ಕ್ಷೌರದವನು ಬಿಟ್ಟ ನಾಲ್ಕು ಬಿಳಿ ಕೂದಲು ಗಾಳಿಗೆ ಆಡುತ್ತಿದ್ದವು. ಇಷ್ಟು ವರ್ಷ ಊಟದ ಮೇಜಿನಲ್ಲಿ ಎದುರು ಕೂತು ನೋಡಿದ ಮನುಷ್ಯ. ಇವರನ್ನು ನನಗೆ ಯಾರೂ ಪರಿಚಯಿಸಿಯೇ ಇರಲಿಲ್ಲ.

ಉತ್ತರ ಬರದಿದ್ದಾಗ ಅವರು ತಿರುಗಿದರು. "ಏನಾತು? ಮೊಣಕಾಲ ನೋಯ್ಲತ್ತಾವೇನ?"

"ಇಲ್ಲರೀ. ನೀವು ನಡೀರಿ. ಹಂಗೇ ಮಾತಾಡ್ಕೋತ ನಡೀರಿ."

ಅವರು ನಡೆದರು, ಆದರೆ ಮಾತು ನಿಂತುಹೋಯಿತು, ಹೆಗಲೆರಡೂ ಕಿವಿಯ ಹತ್ತಿರಕ್ಕೆ ಬಂದವು. ಅನುಮಾನ ಬೆನ್ನಿನಲ್ಲೂ ಕಾಣುತ್ತದೆಂದು ನನಗೆ ಗೊತ್ತಾದದ್ದು ಅಂದೇ.